ಜಠರದ ಆಪರೇಷನ್‌ಗೆ ಮುಂಚೆ ಗುಲ್ಮದ ಬಗ್ಗೆಯೂ ಕೇಳಿ

ಜಠರದ ಕ್ಯಾನ್ಸರ್‌ಗೆ ಆಪರೇಷನ್ ಅಂದ ಕೂಡಲೇ ಬರುವ ಪ್ರಶ್ನೆಗಳೆಲ್ಲ ಜಠರದ ಬಗ್ಗೆಯೇ. ಎಷ್ಟು ತೆಗೆಯುತ್ತೀರಿ, ಆಮೇಲೆ ಊಟ ಹೇಗೆ? ಪಕ್ಕದಲ್ಲೇ ಇರುವ ಗುಲ್ಮದ (ಸ್ಪ್ಲೀನ್) ಸುದ್ದಿಯನ್ನು ಹೆಚ್ಚಿನವರು ಎತ್ತುವುದಿಲ್ಲ. ಎತ್ತಬೇಕು, ಯಾಕೆಂದರೆ ಕೆಲವೊಮ್ಮೆ ಜಠರದ ಜೊತೆ ಅದನ್ನೂ ತೆಗೆಯುತ್ತಾರೆ.

ಎಡಪಕ್ಕೆಯ ಅಡಿಯಲ್ಲಿ ಜಠರಕ್ಕೆ ತಾಗಿಕೊಂಡಿರುವ ಈ ಅಂಗದ ತೂಕ ಸುಮಾರು 150 ಗ್ರಾಂ. ಮುದಿಯಾದ ಕೆಂಪು ರಕ್ತಕಣಗಳನ್ನು ಸೋಸುವುದು ಅದರ ಒಂದು ಕೆಲಸ. ಇನ್ನೊಂದು, ಸೋಂಕು ತಡೆಯುವುದು. ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆ ಅಂಶದ ನುಣುಪು ಕವಚ ಇರುತ್ತದೆ. ಅವು ಬಿಳಿ ರಕ್ತಕಣಗಳ ಹಿಡಿತಕ್ಕೆ ಸುಲಭವಾಗಿ ಸಿಗುವುದಿಲ್ಲ. ಗುಲ್ಮದಲ್ಲಿರುವ ಬಿ ಕಣಗಳೆಂಬ ರೋಗನಿರೋಧಕ ಕಣಗಳು ಐಜಿಎಂ ಎಂಬ ಪ್ರತಿಕಾಯ ತಯಾರಿಸುತ್ತವೆ. ಅದು ಆ ಕವಚಕ್ಕೆ ಅಂಟಿಕೊಳ್ಳುತ್ತದೆ. ಗುಲ್ಮದೊಳಗೆ ರಕ್ತ ನಿಧಾನವಾಗಿ ಹರಿಯುತ್ತದೆ ನೋಡಿ, ಹೀಗೆ ಗುರುತು ಬಿದ್ದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್ ಎಂಬ ಭಕ್ಷಕ ಕಣಗಳು ಅಲ್ಲೇ ಹಿಡಿದು ನುಂಗುತ್ತವೆ.

ಹಾಗಾದರೆ ಇಂಥ ಅಂಗವನ್ನು ತೆಗೆಯುತ್ತಿದ್ದದ್ದು ಯಾಕೆ? ಗುಲ್ಮದ ಬುಡದಲ್ಲಿ ಲಿಂಫ್ ಗಂಟುಗಳಿವೆ. ಜಠರದ ಮೇಲ್ಭಾಗದ ಕ್ಯಾನ್ಸರ್ ಅಲ್ಲಿಗೆ ಹರಡಬಹುದು. ಗಂಟುಗಳನ್ನು ಪೂರ್ತಿ ತೆಗೆಯಲು ಗುಲ್ಮವನ್ನೂ ತೆಗೆಯುವ ರೂಢಿ ಬಹಳ ಕಾಲ ಇತ್ತು. ಜಪಾನಿನಲ್ಲಿ 505 ರೋಗಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಜಠರದ ಎಡಬದಿಯ ಉದ್ದನೆಯ ಬಾಗಿದ ಅಂಚಿಗೆ ಕ್ಯಾನ್ಸರ್ ಹಬ್ಬದವರನ್ನಷ್ಟೇ ಸೇರಿಸಿಕೊಂಡಿದ್ದರು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. ಐದು ವರ್ಷ ಬದುಕಿದವರು ಗುಲ್ಮ ತೆಗೆದ ಗುಂಪಿನಲ್ಲಿ ಶೇ. 75.1, ಉಳಿಸಿಕೊಂಡ ಗುಂಪಿನಲ್ಲಿ ಶೇ. 76.4. ತೊಡಕುಗಳು ಮಾತ್ರ ತೆಗೆದವರಲ್ಲಿ ಶೇ. 30.3, ಉಳಿಸಿಕೊಂಡವರಲ್ಲಿ ಶೇ. 16.7. ಇಂಥ ರೋಗಿಗಳಲ್ಲಿ ಗುಲ್ಮವನ್ನು ಸುಮ್ನೆ ತೆಗೆಯಬಾರದು ಎನ್ನಲು ನನಗೆ ಇದಕ್ಕಿಂತ ಜಾಸ್ತಿ ಪುರಾವೆ ಬೇಡ.

ಗಡ್ಡೆ ಗುಲ್ಮದೊಳಕ್ಕೇ ನುಗ್ಗಿದ್ದರೆ ಮಾತು ಬೇರೆ. ಆಗ ತೆಗೆಯಲೇಬೇಕಾಗಬಹುದು. ಹಾಗಿದ್ದರೆ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ (ಇವೂ ಕವಚವಿರುವ ಬ್ಯಾಕ್ಟೀರಿಯಾಗಳೇ) ಲಸಿಕೆಗಳನ್ನು ಆಪರೇಷನ್‌ಗೆ ಕನಿಷ್ಠ ಎರಡು ವಾರ ಮುಂಚೆ ಹಾಕಿಸಿಕೊಳ್ಳುವುದು ಒಳ್ಳೆಯದು. ಮುಂಚೆ ಆಗದಿದ್ದರೆ ಆಪರೇಷನ್ ಆಗಿ ಎರಡು ವಾರದ ಮೇಲೆ. ಕೀಮೋ ನಡೆಯುತ್ತಿದ್ದರೆ ಲಸಿಕೆಯ ದಿನವನ್ನು ಡಾಕ್ಟರ ಜೊತೆ ಮಾತಾಡಿ ಗೊತ್ತು ಮಾಡಿಕೊಳ್ಳಿ. ಫ್ಲೂ ಲಸಿಕೆ ಪ್ರತಿ ವರ್ಷ.

ಮನೆಯವರು ಎಚ್ಚರವಾಗಿರಬೇಕಾದದ್ದು ಜ್ವರದ ವಿಷಯದಲ್ಲಿ. ಗುಲ್ಮ ಇಲ್ಲದವರಿಗೆ ರಾತ್ರಿ ಚಳಿಜ್ವರ ಬಂತೆಂದರೆ ಒಂದು ಪ್ಯಾರಾಸಿಟಮಾಲ್ ಕೊಟ್ಟು ಬೆಳಗಿನವರೆಗೆ ಕಾಯಬೇಡಿ. ಸೋಂಕು ಕೆಲವೇ ಗಂಟೆಗಳಲ್ಲಿ ಪ್ರಾಣಕ್ಕೆ ಕುತ್ತು ತರಬಲ್ಲದು. ತಕ್ಷಣ ತುರ್ತು ವಿಭಾಗಕ್ಕೆ ಹೋಗಿ, "ಗುಲ್ಮ ತೆಗೆದಿದ್ದಾರೆ" ಎಂಬುದನ್ನು ಮೊದಲು ಹೇಳಿ. ಆಪರೇಷನ್ ಆಗಿ ಎಷ್ಟು ವರ್ಷ ಕಳೆದಿದ್ದರೂ ಅಷ್ಟೇ.