ಉಪ್ಪು ತಾಳುವ ಭತ್ತ: ನಾನು ಎಡವಿದ ಒಂದು ಬಾಣ

ಚೌಳು ಮಣ್ಣಿನ ಲೆಕ್ಕ ನಿಮಗೆ ಗೊತ್ತೇ ಇರುತ್ತದೆ. ಮಣ್ಣಿನ ಉಪ್ಪನ್ನು ಅಳೆಯುವ ಇ.ಸಿ. (ವಿದ್ಯುತ್ ವಾಹಕತೆ) ಮೀಟರಿಗೆ 4 ಡೆಸಿಸೀಮೆನ್ಸ್ ದಾಟಿದರೆ ಚೌಳು, ಭತ್ತದ ಇಳುವರಿ 3ರ ಆಚೆಗೇ ಕುಸಿಯುತ್ತದೆ, ಧಾನ್ಯಗಳಲ್ಲಿ ಬಾರ್ಲಿ ಗಟ್ಟಿ. ಅದನ್ನು ಇಲ್ಲಿಗೆ ಬಿಡುತ್ತೇನೆ.

ನಾನು ಮೂರು ದಿನ ಸಿಕ್ಕಿಕೊಂಡಿದ್ದು ಎಚ್‌ಕೆಟಿ1;5 ಎಂಬ, ಬೆಳೆಗೆ ಉಪ್ಪು ತಾಳಲು ನೆರವಾಗುವ ಜೀನ್ ಹತ್ತಿರ. ಅದರ ಪ್ರೋಟೀನ್ ಕೆಲಸ ತೋರಿಸುವ ಚಿತ್ರದಲ್ಲಿ, ಉಪ್ಪಿನಲ್ಲಿರುವ ಸೋಡಿಯಂನ ಬಾಣ ಕೋಶದ ಒಳಕ್ಕೆ ಇತ್ತು. ಉಪ್ಪನ್ನು ಒಳಗೆ ಬಿಟ್ಟುಕೊಳ್ಳುವ ಜೀನ್ ಬೆಳೆಯನ್ನು ಕಾಯುವುದು ಹೇಗೆ? ಬಾಣವೇ ತಪ್ಪು ಅಂದುಕೊಂಡು ಟಿಪ್ಪಣಿಯಲ್ಲಿ ತಿರುಗಿಸಿ ಬರೆದಿದ್ದೆ.

ರಜೆಗೆ ಹೊಳೆನರಸೀಪುರದ ಕಡೆ ಊರಿಗೆ ಹೋಗಿದ್ದಾಗ, ಹೇಮಾವತಿ ನಾಲೆಯ ಏರಿ ಮೇಲೆ ನಡೆಯುತ್ತಾ ಇದು ಬಿಡಿಸಿಕೊಂಡಿತು. ಗಿಡದಲ್ಲಿ ನೀರು ಮೇಲಕ್ಕೆ ಒಯ್ಯುವ ಕೊಳವೆ, ಕ್ಸೈಲಂ, ಒಂದು ನಾಲೆ. ಬೇರಿನಲ್ಲಿ ಹೊರಟು ಎಲೆಯಲ್ಲಿ ಮುಗಿಯುತ್ತದೆ. ಈ ಪ್ರೋಟೀನ್ ಇರುವುದು ಮಣ್ಣಿಗೆ ತಾಗುವ ಬೇರಿನ ಹೊರಮೈಯಲ್ಲಲ್ಲ, ನಾಲೆಯ ದಡದಲ್ಲಿ, ಅಂದರೆ ಕ್ಸೈಲಂಗೆ ಅಂಟಿಕೊಂಡ ಪ್ಯಾರೆಂಕೈಮ ಎಂಬ ಜೀವಂತ ಕೋಶಗಳ ಪೊರೆಯಲ್ಲಿ. ಅದು ದಡದ ತೂಬು. ಕೋಶದ ಒಳಕ್ಕೆ ಅಂದರೆ ನಾಲೆಯಿಂದ ಹೊರಕ್ಕೆ! ಮೇಲೆ ಹೋಗುತ್ತಿದ್ದ ಸೋಡಿಯಂ ಬೇರಿನಲ್ಲೇ ಪಕ್ಕಕ್ಕೆ ಇಳಿದುಬಿಡುತ್ತದೆ. ಬಾಣ ಸರಿಯಾಗಿಯೇ ಇತ್ತು. ನಾನು ಆ ಕೋಶ ಎಲ್ಲಿದೆ ಅಂತ ನೋಡಿರಲಿಲ್ಲ.

ಬೇರಿನಲ್ಲಿ ಉಪ್ಪು ಉಳಿದರೆ ಪರವಾಗಿಲ್ವಾ? ಎಲೆಗೆ ಹೋಗುವುದಕ್ಕಿಂತ ವಾಸಿ. ಎಲೆ ನಾಲೆಯ ಕೊನೆಯ ಗದ್ದೆ ಇದ್ದ ಹಾಗೆ. ನೀರು ಆವಿಯಾಗುತ್ತದೆ, ಉಪ್ಪು ಕೂತುಬಿಡುತ್ತದೆ, ದಿನದಿನವೂ ಜಾಸ್ತಿಯಾಗುತ್ತದೆ. ಬೇರಿಗಾದರೆ ಎಸ್‌ಒಎಸ್1 ಎಂಬ ಇನ್ನೊಂದು ಪ್ರೋಟೀನ್ ಮೂಲಕ ಸ್ವಲ್ಪ ಸೋಡಿಯಂ ಅನ್ನು ಮಣ್ಣಿಗೇ ತಳ್ಳುವ ದಾರಿ ಇದೆ.

ಇನ್ನೊಂದು ಗೊಂದಲ ಹೆಸರಿನದು. ಇದೇ ಜೀನ್‌ಗೆ ಭತ್ತದಲ್ಲಿ ಎಸ್‌ಕೆಸಿ1 ಅಂತಲೂ ಹೆಸರು. ಅಲ್ಲಿನ 'ಕೆ' ಪೊಟ್ಯಾಸಿಯಂನ ಸಂಕೇತ. ಉಪ್ಪು ತಾಳುವ ನೋನಾ ಬೋಕ್ರಾ ತಳಿಯನ್ನು ಜಪಾನಿನ ಕೋಶಿಹಿಕಾರಿ ಜೊತೆ ಅಡ್ಡಹಾಯಿಸಿ, ಉಪ್ಪಿನಲ್ಲೂ ಯಾವ ಸಸಿಯ ಕಾಂಡ, ಎಲೆಯಲ್ಲಿ ಪೊಟ್ಯಾಸಿಯಂ ಹೆಚ್ಚು ಉಳಿಯುತ್ತದೆ ಅಂತ ಹುಡುಕಿದವರಿಗೆ ಇದು ಸಿಕ್ಕಿತು. 2005ರಲ್ಲಿ ಜೀನ್ ಬೇರ್ಪಡಿಸಿ ನೋಡಿದರೆ ಅದು ಸಾಗಿಸುವುದು ಸೋಡಿಯಂ! ವಿವರಣೆ ಹೀಗಿದೆ: ಧನ ವಿದ್ಯುದಂಶದ ಸೋಡಿಯಂ ದಡದ ಕೋಶಕ್ಕೆ ಇಳಿದಾಗ, ಅದೇ ಧನ ವಿದ್ಯುದಂಶದ ಪೊಟ್ಯಾಸಿಯಂ ಕೋಶದಿಂದ ನಾಲೆಗೆ ಬರಲು ಅನುವಾಗುತ್ತದೆ. ಎರಡು ತಳಿಗಳ ಪ್ರೋಟೀನ್‌ಗಳಲ್ಲಿ ವ್ಯತ್ಯಾಸ ಬರೀ ನಾಲ್ಕು ಅಮೈನೋ ಆಮ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ರೋಮಾಂಚನವಾಯಿತು.

ಗೋಧಿಯಲ್ಲೂ ಇದೇ ತೂಬು. ಬ್ರೆಡ್ ಗೋಧಿಯಲ್ಲಿ ಅದು 4ಡಿ ಕ್ರೋಮೋಸೋಮ್ ಮೇಲಿದೆ. ಪಾಸ್ತಾ ಮಾಡುವ ಡ್ಯೂರಮ್ ಗೋಧಿಗೆ ಡಿ ಜೀನೋಮೇ (ಡಿ ಕ್ರೋಮೋಸೋಮ್‌ಗಳ ಗುಂಪೇ) ಇಲ್ಲ, ಅದಕ್ಕೇ ಅದರ ಎಲೆಗೆ ಸೋಡಿಯಂ ಹೆಚ್ಚು ಏರುತ್ತದೆ. ಐನ್‌ಕಾರ್ನ್ ಎಂಬ ಹಳೆಯ ಗೋಧಿಯಿಂದ ಈ ಜೀನ್ ತಂದು ಸೇರಿಸಿದಾಗ, ಚೌಳು ಹೊಲದಲ್ಲಿ ಡ್ಯೂರಮ್ ಇಳುವರಿ 25% ಹೆಚ್ಚಿತು ಅಂತ 2012ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು.

ಕೇರಳದ ಪೊಕ್ಕಾಲಿ ಭತ್ತದಿಂದ ಬಂದ ಸಾಲ್ಟಾಲ್ ಎಂಬ ಡಿಎನ್‌ಎ ತುಂಡು ಕೂಡ 1ನೇ ಕ್ರೋಮೋಸೋಮ್ ಮೇಲಿದೆ, ನಮ್ಮ ತೂಬು ಇರುವ ಜಾಗದಲ್ಲೇ. ಆದರೆ ಸಾಲ್ಟಾಲ್ ಮುಖ್ಯವಾಗಿ ಕಾಯುವುದು ಸಸಿಯನ್ನು. ಹೂ ಬಿಡುವಾಗಲೂ ಭತ್ತ ಉಪ್ಪಿಗೆ ಹೆದರುತ್ತದೆ, ಆ ಹಂತಕ್ಕೆ ಬೇರೆ ಜೀನ್‌ಗಳೂ ಬೇಕು. ಕುಮಟಾ ಕಡೆಯ ಗಜನಿ ಗದ್ದೆಗಳ ಕಗ್ಗ ಭತ್ತ ಉಪ್ಪುನೀರು ನುಗ್ಗುವ ಜಾಗದಲ್ಲೇ ತೆನೆ ಕಟ್ಟುತ್ತದೆ. ಮುಂದಿನ ಟಿಪ್ಪಣಿಗೆ ಅದನ್ನೇ ಓದುತ್ತಿದ್ದೇನೆ.