ಮರದ ಹಳಿಯ ಮೋಹ: ರೋಲರ್ ಕೋಸ್ಟರ್ ಅಭಿಮಾನಿಗಳು ಪಕ್ಷ ಕಟ್ಟಿಕೊಂಡ ಬಗೆ

ನ್ಯೂಯಾರ್ಕ್ ನಗರದ ಕೋನಿ ಐಲೆಂಡ್ ಕಡಲತೀರದಲ್ಲಿ 1927ರ ಜೂನ್ 26ರಂದು ಓಡಲಾರಂಭಿಸಿದ ‘ಸೈಕ್ಲೋನ್’, ಜಗತ್ತಿನ ಮರದ ರೋಲರ್ ಕೋಸ್ಟರ್‌ಗಳಲ್ಲಿ ಬಹುಶಃ ಎಲ್ಲಕ್ಕಿಂತ ಹೆಸರಾದದ್ದು. ಆದರೆ ಅದರ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿದವರಿಗೆ ಕಾಣುವುದು ಉಕ್ಕಿನ ಕಂಬಗಳು ಮತ್ತು ಉಕ್ಕಿನ ತೊಲೆಗಳು. ಬಂಡಿ ಉರುಳುವ ಹಳಿಯೊಂದೇ ಅಲ್ಲಿ ಮರದ್ದು. ಟೆಕ್ಸಾಸ್ ರಾಜ್ಯದ ಆರ್ಲಿಂಗ್ಟನ್‌ನಲ್ಲಿ ಇದಕ್ಕೆ ತದ್ವಿರುದ್ಧವಾದ ದೃಶ್ಯವಿದೆ: ಅಲ್ಲಿನ ‘ನ್ಯೂ ಟೆಕ್ಸಾಸ್ ಜೈಂಟ್’ ದೊಡ್ಡದೊಂದು ಮರದ ಅಟ್ಟಣಿಗೆಯ ಮೇಲೆ ನಿಂತಿದೆ, ಆದರೂ ಅದನ್ನು ಮರದ ಕೋಸ್ಟರ್ ಎಂದು ಕರೆದರೆ ತಿಳಿದವರು ತಕ್ಷಣ ತಿದ್ದುತ್ತಾರೆ, ಏಕೆಂದರೆ 2011ರಿಂದ ಅದರ ಹಳಿ ಉಕ್ಕಿನದು. ಮರವೋ ಉಕ್ಕೋ ಎಂಬ ಪ್ರಶ್ನೆಗೆ ಉತ್ತರ ಕಟ್ಟಡದಲ್ಲಿಲ್ಲ, ಚಕ್ರ ತಾಕುವ ಜಾಗದಲ್ಲಿದೆ. ಅಷ್ಟು ಕಿರಿದಾದ ಆ ಜಾಗಕ್ಕಾಗಿ ಜನ ಸಾವಿರಾರು ಮೈಲಿ ಪ್ರಯಾಣ ಮಾಡುವುದೇಕೆ, ಸಂಘ ಕಟ್ಟಿಕೊಳ್ಳುವುದೇಕೆ, ಹಳೆಯ ಕೋಸ್ಟರೊಂದನ್ನು ಕೆಡವುತ್ತಾರೆಂದಾಗ ಅದರ ಉಳಿವಿಗೆ ನಿಲ್ಲುವುದೇಕೆ ಎಂಬುದನ್ನು ಅರಿಯಬೇಕಾದರೆ ಈ ಆಟದ ಮೂಲದವರೆಗೆ ಹೋಗಬೇಕಾಗುತ್ತದೆ.

ಮೂಲದಲ್ಲಿ ಇದು ಮಂಜುಗಡ್ಡೆಯ ಆಟ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ ರಷ್ಯನ್ನರು ಚಳಿಗಾಲದಲ್ಲಿ ಎಪ್ಪತ್ತು ಎಂಬತ್ತು ಅಡಿ ಎತ್ತರದ ಮರದ ಅಟ್ಟಣಿಗೆಗಳನ್ನು ಕಟ್ಟಿ, ಇಳಿಜಾರಿಗೆ ನೀರು ಸುರಿದು ಹೆಪ್ಪುಗಟ್ಟಿಸಿ, ಅದರ ಮೇಲೆ ಜಾರುತ್ತಿದ್ದರು. 1817ರಲ್ಲಿ ಪ್ಯಾರಿಸ್ಸಿನ ಬೆಲ್ವಿಲ್‌ನಲ್ಲಿ ಇದೇ ಆಟ ಚಕ್ರದ ಬಂಡಿಗಳೊಂದಿಗೆ ಕಾಣಿಸಿಕೊಂಡಿತು. ಫ್ರೆಂಚರೂ ಸ್ಪ್ಯಾನಿಷರೂ ಇಂದಿಗೂ ರೋಲರ್ ಕೋಸ್ಟರನ್ನು ‘ರಷ್ಯದ ಬೆಟ್ಟ’ ಎಂದೇ ಕರೆಯುತ್ತಾರೆ. ರಷ್ಯನ್ನರು ಮಾತ್ರ ಅದನ್ನು ‘ಅಮೆರಿಕದ ಬೆಟ್ಟ’ ಎನ್ನುತ್ತಾರೆ. ಅವರ ಮಾತಿನಲ್ಲೂ ಸತ್ಯವಿದೆ, ಏಕೆಂದರೆ ಈ ಆಟಕ್ಕೆ ಎರಡನೆಯ ತಾಯಿಬೇರು ಇರುವುದು ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಯಲ್ಲಿ. ಮಾಕ್ ಚಂಕ್ ಎಂಬ ಊರಿನಲ್ಲಿ 1827ರಲ್ಲಿ ಹಾಕಿದ ಹಳಿಯ ಮೇಲೆ ಕಲ್ಲಿದ್ದಲಿನ ಬಂಡಿಗಳು ತಮ್ಮ ಭಾರದಿಂದಲೇ ಬೆಟ್ಟವಿಳಿದು ನದಿಯ ಕಡೆಗೆ ಬರುತ್ತಿದ್ದವು. ಬರಿದಾದ ಬಂಡಿಗಳನ್ನು ಮತ್ತೆ ಮೇಲಕ್ಕೆ ಎಳೆಯಬೇಕಾದ ಹೇಸರಗತ್ತೆಗಳೂ ಇಳಿಯುವಾಗ ಬಂಡಿಯಲ್ಲೇ ನಿಂತು ಸವಾರಿ ಮಾಡುತ್ತಿದ್ದವು. ಮುಂದೆ ಕಲ್ಲಿದ್ದಲು ಬೇರೆ ಹಾದಿ ಹಿಡಿದಾಗ ಆ ಹಳಿಯ ಮೇಲೆ ದುಡ್ಡು ಕೊಟ್ಟು ಕುಳಿತವರು ವಿಹಾರಕ್ಕೆ ಬಂದ ಜನ.

1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಎಂಬವರು ಕೋನಿ ಐಲೆಂಡ್‌ನಲ್ಲಿ ‘ಸ್ವಿಚ್‌ಬ್ಯಾಕ್ ರೈಲ್ವೇ’ ತೆರೆದರು. ಅದರ ಉದ್ದ 600 ಅಡಿ, ವೇಗ ಗಂಟೆಗೆ ಸುಮಾರು ಆರು ಮೈಲಿ, ಸವಾರಿಯ ಬೆಲೆ ಐದು ಸೆಂಟ್. ಗೋಪುರ ಹತ್ತಿ ಬಂಡಿಯಲ್ಲಿ ಕುಳಿತವರು ಅಲೆಯಲೆಯಾಗಿ ಇಳಿದು ಆ ತುದಿ ತಲುಪಿದಾಗ ಕೆಳಗಿಳಿಯಬೇಕಿತ್ತು. ಕೆಲಸಗಾರರು ಬಂಡಿಯನ್ನು ತಳ್ಳಿ ಇನ್ನೊಂದು ಹಳಿಗೆ ಏರಿಸಿದ ಮೇಲೆ ಹಿಂದಿರುಗುವ ಸವಾರಿ. ಇಂದಿನ ಕಣ್ಣಿಗೆ ಇದು ತೊಟ್ಟಿಲಿನಷ್ಟು ನಿರಪಾಯಕಾರಿ. ಆಗ ಜನ ಸಾಲುಗಟ್ಟಿ ನಿಂತಿದ್ದರು.

ಈ ಸೌಮ್ಯ ವಿಹಾರವನ್ನು ಎದೆ ಝಲ್ಲೆನ್ನಿಸುವ ಸವಾರಿಯಾಗಿ ಬದಲಿಸಿದ್ದು ಒಂದು ಚಕ್ರ. ಆರಂಭದ ಬಂಡಿಗಳು ಹಳಿಯ ಮೇಲೆ ಸುಮ್ಮನೆ ಕುಳಿತಿರುತ್ತಿದ್ದವು. ಅವನ್ನು ಕೆಳಗೆ ಹಿಡಿದಿಡುವುದು ಯಾವುದೂ ಇರಲಿಲ್ಲವಾದ್ದರಿಂದ ದಿಬ್ಬಗಳು ಮೃದುವಾಗಿರಲೇಬೇಕಿತ್ತು. ಪೆನ್ಸಿಲ್ವೇನಿಯಾದ ಆಲ್ಟೂನಾದಲ್ಲಿ 1902ರಲ್ಲಿ ಕಟ್ಟಿದ ‘ಲೀಪ್ ದ ಡಿಪ್ಸ್’ ಅಂಥದ್ದು. ಇಂದು ಉಳಿದಿರುವ ರೋಲರ್ ಕೋಸ್ಟರ್‌ಗಳಲ್ಲಿ ಅತ್ಯಂತ ಹಳೆಯದಾದ ಅದರ ಎತ್ತರ 41 ಅಡಿ ಮಾತ್ರ. ಜಾನ್ ಮಿಲ್ಲರ್ ಎಂಬ ವಿನ್ಯಾಸಕಾರರು 1919ರಲ್ಲಿ ಹಳಿಯ ಅಡಿಭಾಗವನ್ನು ತಬ್ಬಿ ಸಾಗುವ ಇನ್ನೊಂದು ಜೊತೆ ಚಕ್ರಗಳಿಗೆ ಪೇಟೆಂಟ್ ಪಡೆದರು. ಅದರಿಂದಾಗಿ ಬಂಡಿ ಎಷ್ಟೇ ರಭಸದಿಂದ ದಿಬ್ಬದ ನೆತ್ತಿ ದಾಟಿದರೂ ಹಳಿ ಬಿಟ್ಟು ಮೇಲೇಳಲಾರದಾಯಿತು. ಏರುವಾಗ ಬಂಡಿ ಹಿಂದಕ್ಕೆ ಜಾರದಂತೆ ತಡೆಯುವ ಕೊಕ್ಕೆಯೂ ಅವರದೇ ಕೊಡುಗೆ. ಸರಪಳಿಯ ಏರಿನಲ್ಲಿ ಕೇಳಿಸುವ ಆ ಕಟಕಟ ಸದ್ದು ಹುಟ್ಟುವುದು ಆ ಕೊಕ್ಕೆ ಹಲ್ಲಿನಿಂದ ಹಲ್ಲಿಗೆ ಬೀಳುವಾಗ. ಇಂದಿನ ಅತಿ ವೇಗದ ಉಕ್ಕಿನ ಕೋಸ್ಟರ್ ಕೂಡ ಮೇಲೆ, ಪಕ್ಕದಲ್ಲಿ, ಕೆಳಗೆ ಎಂದು ಮೂರು ಬಗೆಯ ಚಕ್ರಗಳಿಂದ ಹಳಿಯನ್ನು ಹಿಡಿದುಕೊಂಡೇ ಓಡುತ್ತದೆ.

ಈ ಚಕ್ರ ಬಂದ ಮೇಲಿನ ಹತ್ತು ವರ್ಷಗಳನ್ನು ಅಭಿಮಾನಿಗಳು ಸುವರ್ಣಯುಗ ಎಂದು ಕರೆಯುತ್ತಾರೆ. ಪಿಟ್ಸ್‌ಬರ್ಗ್ ಬಳಿಯ ಕೆನ್ನಿವುಡ್‌ನ ‘ಜ್ಯಾಕ್ ರ‍್ಯಾಬಿಟ್’, ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನ ‘ಬಿಗ್ ಡಿಪ್ಪರ್’, ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನ ‘ಜೈಂಟ್ ಡಿಪ್ಪರ್’, ಮೇಲೆ ಹೇಳಿದ ಸೈಕ್ಲೋನ್, ಎಲ್ಲವೂ 1920ರಿಂದ 1927ರ ನಡುವೆ ಕಟ್ಟಿದವು ಮತ್ತು ಇಂದಿಗೂ ನಿಂತಿವೆ. ಅವುಗಳ ಜೊತೆ ಕಟ್ಟಿದ ಬಹುಪಾಲು ಉಳಿಯಲಿಲ್ಲ. 1929ರ ಆರ್ಥಿಕ ಕುಸಿತ ಪಾರ್ಕುಗಳನ್ನು ಮುಚ್ಚಿಸಿತು, ಯುದ್ಧ ಮರವನ್ನೂ ರಬ್ಬರನ್ನೂ ಕಿತ್ತುಕೊಂಡಿತು, ದುರಸ್ತಿ ಕಾಣದ ಮರ ಕೊಳೆಯಿತು.

ಇಂಥ ಹೊತ್ತಿನಲ್ಲಿ ಉಕ್ಕು ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ಗಾಗಿ ಆ್ಯರೋ ಡೆವಲಪ್‌ಮೆಂಟ್ ಎಂಬ ಸಣ್ಣ ಸಂಸ್ಥೆ 1959ರಲ್ಲಿ ಕಟ್ಟಿಕೊಟ್ಟ ‘ಮ್ಯಾಟರ್‌ಹಾರ್ನ್ ಬಾಬ್‌ಸ್ಲೆಡ್ಸ್’, ಉಕ್ಕಿನ ಕೊಳವೆಯನ್ನು ಹಳಿಯಾಗಿ ಬಳಸಿದ ಮೊದಲ ರೋಲರ್ ಕೋಸ್ಟರ್. ಕೊಳವೆಯನ್ನು ಯಾವ ದಿಕ್ಕಿಗೆ ಬೇಕಾದರೂ ಬಾಗಿಸಬಹುದು, ತಿರುಚಬಹುದು, ಕಾರ್ಖಾನೆಯಲ್ಲಿ ಅಳತೆಗೆ ಸರಿಯಾಗಿ ಮಾಡಿ ತಂದು ಜೋಡಿಸಬಹುದು. ಮೃದುವಾದ ಪ್ಲಾಸ್ಟಿಕ್ ಜಾತಿಯ ಚಕ್ರ ಅದರ ಮೇಲೆ ಸದ್ದಿಲ್ಲದೆ ಜಾರುತ್ತದೆ. ಮರದಲ್ಲಿ ಕನಸಾಗಿದ್ದುದು ಇದರಿಂದ ಕೈಗೆಟುಕಿತು. ಮನುಷ್ಯರನ್ನು ತಲೆಕೆಳಗು ಮಾಡುವ ಆಸೆ ಹಳೆಯದೇ: 1895ರಲ್ಲೇ ಕೋನಿ ಐಲೆಂಡ್‌ನಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬುದಿತ್ತು. ಅದರ ಸುತ್ತು ಬಳೆಯಂತೆ ನಿಖರವಾದ ವೃತ್ತವಾಗಿದ್ದುದರಿಂದ, ಬಂಡಿ ವೃತ್ತದೊಳಗೆ ನುಗ್ಗಿದ ಕ್ಷಣದಲ್ಲೇ ದೇಹದ ಭಾರ ಹಲವು ಪಟ್ಟು ಹೆಚ್ಚಿ ಸವಾರರ ಕತ್ತಿಗೆ ಪೆಟ್ಟಾಗುತ್ತಿತ್ತು. 1976ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾಜಿಕ್ ಮೌಂಟನ್‌ನಲ್ಲಿ ಜರ್ಮನಿಯ ಆಂಟನ್ ಶ್ವಾರ್ಟ್ಸ್‌ಕಾಪ್ಫ್ ಮತ್ತು ವೆರ್ನರ್ ಸ್ಟೆಂಗೆಲ್ ಕಟ್ಟಿದ ಉಕ್ಕಿನ ಸುತ್ತು, ನೀರಹನಿಯ ಆಕಾರದ್ದು. ವೇಗ ಹೆಚ್ಚಿರುವ ಬುಡದಲ್ಲಿ ತಿರುವು ಅಗಲ, ವೇಗ ಕುಗ್ಗುವ ನೆತ್ತಿಯಲ್ಲಿ ಕಿರಿದು. ಹೀಗಾಗಿ ದೇಹದ ಮೇಲಿನ ಒತ್ತಡ ಸಹಿಸಬಹುದಾದ ಮಟ್ಟದಲ್ಲೇ ಉಳಿಯುತ್ತದೆ. ಬಿಡದಿಯ ವಂಡರ್‌ಲಾದಲ್ಲಿ ‘ರೀಕಾಯಿಲ್’ ಹತ್ತಿ ತಲೆಕೆಳಗಾಗಿ ಬಂದವರು ಅನುಭವಿಸಿದ್ದು ಈ ಕೊಳವೆ ಹಳಿಯ ವಂಶದ ಸವಾರಿಯನ್ನೇ.

ಉಕ್ಕು ಇಷ್ಟೆಲ್ಲ ಸಾಧಿಸಿದ ಮೇಲೆ ಮರ ಸದ್ದಿಲ್ಲದೆ ಮರೆಯಾಗಬೇಕಿತ್ತು. ಹಾಗಾಗಲಿಲ್ಲ. ಓಹಿಯೋದ ಕಿಂಗ್ಸ್ ಐಲೆಂಡ್ ಪಾರ್ಕಿಗಾಗಿ ಜಾನ್ ಅಲೆನ್ ಎಂಬ ಹಿರಿಯ ವಿನ್ಯಾಸಕಾರರು 1972ರಲ್ಲಿ ಎರಡು ಹಳಿಗಳು ಪಕ್ಕಪಕ್ಕದಲ್ಲಿ ಪೈಪೋಟಿಗಿಳಿಯುವ ‘ರೇಸರ್’ ಎಂಬ ಮರದ ಕೋಸ್ಟರನ್ನು ಕಟ್ಟಿದರು. ಜನ ಮುಗಿಬಿದ್ದರು, ಬೇರೆ ಪಾರ್ಕುಗಳೂ ಮರದ ಕಡೆ ತಿರುಗಿದವು. ಅದೇ ಪಾರ್ಕಿನಲ್ಲಿ 1979ರಲ್ಲಿ ಕಾಡಿನ ಏರಿಳಿತವನ್ನೇ ಬಳಸಿಕೊಂಡು ಕಟ್ಟಿದ, 7,300 ಅಡಿಗೂ ಮಿಕ್ಕಿದ ‘ಬೀಸ್ಟ್’ ಇಂದಿಗೂ ಜಗತ್ತಿನ ಅತಿ ಉದ್ದದ ಮರದ ಕೋಸ್ಟರ್. ಇತ್ತ ಸೈಕ್ಲೋನ್ 1970ರ ದಶಕದಲ್ಲಿ ನೆಲಸಮವಾಗುವ ಭೀತಿಯಿಂದ ಪಾರಾಗಿ, 1988ರಲ್ಲಿ ನ್ಯೂಯಾರ್ಕ್ ನಗರದ ಸಂರಕ್ಷಿತ ಸ್ಮಾರಕವೆನಿಸಿತು. ಅಮೆರಿಕದ ಅಭಿಮಾನಿಗಳ ಸಂಘ ‘ಅಮೆರಿಕನ್ ಕೋಸ್ಟರ್ ಎಂಥೂಸಿಯಾಸ್ಟ್ಸ್’ ಹುಟ್ಟಿದ್ದೂ ಈ ನಡುವೆಯೇ, 1978ರಲ್ಲಿ. ಈ ಅಭಿಮಾನಿಗಳು ತಾವು ಹತ್ತಿದ ಪ್ರತಿಯೊಂದು ಕೋಸ್ಟರನ್ನೂ ಲೆಕ್ಕವಿಡುತ್ತಾರೆ, ಅದನ್ನು ‘ಕ್ರೆಡಿಟ್’ ಎನ್ನುತ್ತಾರೆ. ಮರದ ಕೋಸ್ಟರಿಗೆ ಅವರ ಮುದ್ದಿನ ಹೆಸರು ‘ವುಡಿ’. ಅವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ಪದ ‘ಏರ್‌ಟೈಮ್’.

ಏರ್‌ಟೈಮ್ ಎಂದರೇನೆಂದು ಹಳ್ಳಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ರಸ್ತೆಯುಬ್ಬು ದಾಟಿದವರಿಗೆ ವಿವರಿಸಬೇಕಾಗಿಲ್ಲ. ಬಂಡಿ ದಿಬ್ಬದ ನೆತ್ತಿಯಲ್ಲಿ ಕೆಳಮುಖವಾಗಿ ಬಾಗಿದಾಗ ದೇಹ ಮಾತ್ರ ಮೇಲ್ಮುಖವಾದ ತನ್ನ ಹಾದಿಯನ್ನೇ ಹಿಡಿದಿರುತ್ತದೆ. ಸೀಟಿನಿಂದ ಮೇಲೆದ್ದು, ತೊಡೆಯ ಮೇಲಿನ ಸರಳು ತಡೆದಾಗ ಮಾತ್ರ ಮತ್ತೆ ಬಂಡಿಯ ವಶವಾಗುತ್ತದೆ. ತಲೆಕೆಳಗು ಮಾಡಲಾಗದ ಮರದ ಕೋಸ್ಟರ್ ತನ್ನ ಶಕ್ತಿಯನ್ನೆಲ್ಲ ಈ ದಿಬ್ಬಗಳಲ್ಲೇ ತೋರಿಸಬೇಕಿತ್ತು, ತೋರಿಸಿತು. ಆದರೆ ಉಕ್ಕಿನ ದಿಬ್ಬಗಳೂ ಏರ್‌ಟೈಮ್ ಕೊಡುತ್ತವೆಯಾದ್ದರಿಂದ ಮರದ ಆಕರ್ಷಣೆಗೆ ಅದೊಂದೇ ಕಾರಣವಾಗಲಾರದು. ನನ್ನ ಎಣಿಕೆಯಲ್ಲಿ ನಿಜವಾದ ಕಾರಣ ಹಳಿ ಕಟ್ಟುವ ವಿಧಾನದಲ್ಲಿದೆ.

ಸಾಂಪ್ರದಾಯಿಕ ಮರದ ಹಳಿಯೆಂದರೆ ಬಡಗಿಗಳು ಸ್ಥಳದಲ್ಲೇ ಬಾಗಿಸಿ ಒಂದರ ಮೇಲೊಂದು ಜೋಡಿಸಿದ ಏಳೆಂಟು ಪದರಗಳ ಹಲಗೆ. ಅದರ ನೆತ್ತಿಯ ಮೇಲೆ ಚಪ್ಪಟೆಯಾದ ಉಕ್ಕಿನ ಪಟ್ಟಿ. ಎತ್ತಿನ ಗಾಡಿಯಲ್ಲಿ ಕಬ್ಬಿಣದ ಪಟ್ಟಿ ಚಕ್ರಕ್ಕಿದ್ದರೆ ಇಲ್ಲಿ ಅದು ದಾರಿಗೂ ಇದೆ ಎನ್ನಬಹುದು. ಬಂಡಿಯ ಭಾರ ಬಿದ್ದಾಗ ಈ ಹಲಗೆಗಳು ಕೂದಲೆಳೆಯಷ್ಟು ಬಾಗುತ್ತವೆ, ಅಟ್ಟಣಿಗೆ ಓಲಾಡುತ್ತದೆ. ಹಾಗೆ ಓಲಾಡುವಂತೆಯೇ ಅದನ್ನು ಕಟ್ಟಿರುತ್ತಾರೆ, ಬಿಗಿದು ನಿಲ್ಲಿಸಿದರೆ ಆಘಾತವೆಲ್ಲ ಕೀಲುಗಳಿಗೆ ಬಿದ್ದು ಮರ ಸೀಳೀತು. ಮಳೆಗೆ ಮರ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಬೆಳಗಿನ ತಂಪಿನಲ್ಲಿ ತಡೆದು ತಡೆದು ಓಡಿದ ಬಂಡಿ, ಗ್ರೀಸು ಕಾದ ಸಂಜೆಗೆ ಅದೇ ಹಳಿಯ ಮೇಲೆ ಹೆಚ್ಚು ವೇಗವಾಗಿ ಓಡುತ್ತದೆ. ಮುಂದಿನ ಸೀಟಿನ ಸವಾರಿ ಒಂದು ಬಗೆಯಾದರೆ ಹಿಂದಿನದು ಇನ್ನೊಂದು ಬಗೆ. ಉಕ್ಕಿನ ಕೋಸ್ಟರಿನಲ್ಲೂ ಇಂಥ ವ್ಯತ್ಯಾಸಗಳಿವೆ, ಆದರೆ ಮರದಲ್ಲಿ ಅವು ಮೈಗೆ ಮೈ ತಾಕಿದಷ್ಟು ಸ್ಪಷ್ಟ. ಒಂದೇ ಕೋಸ್ಟರನ್ನು ದಿನಕ್ಕೆ ಇಪ್ಪತ್ತು ಬಾರಿ ಹತ್ತುವ ಅಭಿಮಾನಿಗೆ ಇಪ್ಪತ್ತು ಬೇರೆ ಬೇರೆ ಸವಾರಿಗಳು ದೊರೆಯುತ್ತವೆ.

ಈ ಗುಣವೇ ಅದರ ದೋಷವೂ ಹೌದು. ಬಾಗುವ ಹಲಗೆ ಸವೆಯುತ್ತದೆ, ಸವೆದಲ್ಲಿ ಬಂಡಿ ಕುಲುಕುತ್ತದೆ, ಕುಲುಕಿದಷ್ಟೂ ಹಳಿ ಇನ್ನಷ್ಟು ಸವೆಯುತ್ತದೆ. ಪ್ರತಿ ಚಳಿಗಾಲದಲ್ಲೂ ಪಾರ್ಕು ಮುಚ್ಚಿದಾಗ ಬಡಗಿಗಳು ಹತ್ತಿ, ಹಾಳಾದ ಪದರಗಳನ್ನು ಕಿತ್ತು ಹೊಸ ಹಲಗೆ ಕೂರಿಸಬೇಕು. ಈ ಆರೈಕೆ ತಪ್ಪಿದರೆ ಬೆನ್ನು ಮುರಿಯುವ ಒರಟುತನ. ಕಿಂಗ್ಸ್ ಐಲೆಂಡ್ 2000ದಲ್ಲಿ ತೆರೆದ ‘ಸನ್ ಆಫ್ ಬೀಸ್ಟ್’ 218 ಅಡಿ ಎತ್ತರದ ಮರದ ಚೌಕಟ್ಟಿಗೆ ಉಕ್ಕಿನ ಸುತ್ತೊಂದನ್ನು ಸೇರಿಸಿ ಉಕ್ಕಿನೊಂದಿಗೆ ಎತ್ತರದಲ್ಲೂ ಸಾಹಸದಲ್ಲೂ ಸ್ಪರ್ಧಿಸಲು ಹೊರಟಿತು. 2006ರ ಅವಘಡದ ನಂತರ ಸುತ್ತನ್ನು ತೆಗೆದರು, 2009ರಲ್ಲಿ ಸವಾರಿ ನಿಂತಿತು, 2012ರಲ್ಲಿ ಇಡೀ ಕೋಸ್ಟರನ್ನೇ ಕೆಡವಿದರು. ಮರವನ್ನು ಉಕ್ಕಿನಂತೆ ನಡೆಸಿಕೊಂಡದ್ದೇ ಅಲ್ಲಿ ಮುಳುವಾಯಿತು ಎಂದು ನನಗನ್ನಿಸುತ್ತದೆ.

ಒರಟುತನಕ್ಕೆ ಎರಡು ಕಡೆಯಿಂದ ಉತ್ತರ ಬಂತು. ಒಂದು, ಸ್ವಿಟ್ಜರ್ಲೆಂಡಿನ ಇಂಟಾಮಿನ್ ಸಂಸ್ಥೆಯದು: ಹಲಗೆಗಳನ್ನು ಅಂಟಿಸಿ, ಕಾರ್ಖಾನೆಯಲ್ಲಿ ಯಂತ್ರದಿಂದ ನಿಖರವಾಗಿ ಕತ್ತರಿಸಿ ತಂದು ಜೋಡಿಸಿದ ಮರದ ಹಳಿ. ಜರ್ಮನಿಯ ಹೈಡೆ ಪಾರ್ಕಿನಲ್ಲಿ 2001ರಲ್ಲಿ ಬಂದ ‘ಕೊಲಾಸಸ್’ ಇದರ ಮೊದಲ ಮಾದರಿ. ಇನ್ನೊಂದು, ಅಮೆರಿಕದ ಐಡಹೋ ರಾಜ್ಯದ ರಾಕಿ ಮೌಂಟನ್ ಕನ್ಸ್‌ಟ್ರಕ್ಷನ್ ಸಂಸ್ಥೆಯದು: ಹಳೆಯ ಮರದ ಅಟ್ಟಣಿಗೆಯನ್ನು ಉಳಿಸಿಕೊಂಡು, ಅದರ ಮೇಲಿನ ಹಳಿಯನ್ನು ಮಾತ್ರ ಉಕ್ಕಿನದಾಗಿಸುವುದು. 1990ರ ಟೆಕ್ಸಾಸ್ ಜೈಂಟ್ 2011ರಲ್ಲಿ ಹೊಸ ಜನ್ಮ ತಳೆದದ್ದು ಹೀಗೆ. ಓಹಿಯೋದ ಸೀಡರ್ ಪಾಯಿಂಟ್‌ನಲ್ಲಿ ಒರಟುತನಕ್ಕೆ ಹೆಸರಾಗಿದ್ದ ‘ಮೀನ್ ಸ್ಟ್ರೀಕ್’ 2018ರಲ್ಲಿ 205 ಅಡಿ ಎತ್ತರದ ‘ಸ್ಟೀಲ್ ವೆಂಜನ್ಸ್’ ಆದದ್ದೂ ಹೀಗೆಯೇ. ಇದೇ ಸಂಸ್ಥೆ 2013ರಲ್ಲಿ ಮಿಸ್ಸೂರಿಯಲ್ಲಿ ಕಟ್ಟಿದ ‘ಔಟ್‌ಲಾ ರನ್’ನಲ್ಲಿ ಮರದ ಪದರಗಳ ಮೇಲೆ ದಪ್ಪನೆಯ ಉಕ್ಕಿನ ಹೊದಿಕೆಯಿದೆ, ಬಂಡಿ ಮೂರು ಬಾರಿ ತಲೆಕೆಳಗಾಗುತ್ತದೆ. ಟೆಕ್ಸಾಸ್ ಜೈಂಟ್ ಬಗೆಯದು ಉಕ್ಕಿನ ಹಳಿ, ಔಟ್‌ಲಾ ರನ್ ಬಗೆಯದು ಮರದ್ದು ಎಂಬ ಗೆರೆಯನ್ನು ಕೋಸ್ಟರ್‌ಗಳ ಪಟ್ಟಿ ಮಾಡುವವರು ಎಳೆಯುತ್ತಾರೆ. ಚಕ್ರದ ಕೆಳಗೆ ಮರವೇ ಬಾಗದಿದ್ದರೆ ಅದು ಹೇಗೆ ವುಡಿ ಎಂದು ಹಳೆಯ ಕಟ್ಟಾಳುಗಳು ಕೇಳುತ್ತಾರೆ. ಈ ಆಕ್ಷೇಪ ಸಣ್ಣದೆಂದು ನಾನು ಭಾವಿಸುವುದಿಲ್ಲ. ಹೊಸ ಸವಾರಿಗಳು ಅದ್ಭುತವಾಗಿವೆ, ಆದರೆ ಒಂದು ಟೆಕ್ಸಾಸ್ ಜೈಂಟ್ ಬದಲಾದಾಗ ಹಲಗೆ ಬಾಗಿಸಬಲ್ಲ ಬಡಗಿಗಳ ಒಂದು ಚಳಿಗಾಲದ ಕೆಲಸವೂ ಇಲ್ಲವಾಗುತ್ತದೆ. ಇದಕ್ಕೆ ಎದುರಾಗಿ, ಬದಲಾಗದಿದ್ದರೆ ಆ ಅಟ್ಟಣಿಗೆ ಸೌದೆಯಾಗುತ್ತಿತ್ತು ಎಂಬ ಮಾತೂ ಅಷ್ಟೇ ನಿಜ.

ಉಕ್ಕು ಬಾಳಿಕೆ ಬರುತ್ತದೆ, ಮರ ಬರುವುದಿಲ್ಲ ಎಂಬ ನಂಬಿಕೆಯನ್ನು ನ್ಯೂಜೆರ್ಸಿಯ ಜ್ಯಾಕ್ಸನ್‌ನಲ್ಲಿರುವ ಒಂದೇ ಪಾರ್ಕು ಅಲ್ಲಾಡಿಸಿದೆ. ಅಲ್ಲಿ 2005ರಲ್ಲಿ ಎದ್ದ ‘ಕಿಂಗ್ಡಾ ಕಾ’ 456 ಅಡಿ ಎತ್ತರದ ಉಕ್ಕಿನ ಕೋಸ್ಟರ್. ಗಂಟೆಗೆ 206 ಕಿಲೋಮೀಟರ್ ವೇಗದಲ್ಲಿ ಬಂಡಿಯನ್ನು ಮುಗಿಲಿಗೆ ಚಿಮ್ಮಿಸುತ್ತಿದ್ದ ಅದು, ತೆರೆದಾಗ ಜಗತ್ತಿನಲ್ಲೇ ಅತಿ ಎತ್ತರದ್ದೂ ಅತಿ ವೇಗದ್ದೂ ಆಗಿತ್ತು. ಮರುವರ್ಷ ಅದೇ ಪಾರ್ಕಿಗೆ ಇಂಟಾಮಿನ್ ಸಂಸ್ಥೆಯದೇ ಮರದ ಹಳಿಯ, 181 ಅಡಿಯ ‘ಎಲ್ ಟೋರೊ’ ಬಂತು. ಎಲ್ ಟೋರೊ ಸುಲಭವಾಗಿ ಬಾಳಲಿಲ್ಲ: 2022ರಲ್ಲಿ ಸವಾರರು ಗಾಯಗೊಂಡ ಬಳಿಕ ಅದನ್ನು ನಿಲ್ಲಿಸಿ, ದುರಸ್ತಿ ಮಾಡಿ, 2023ರ ಬೇಸಿಗೆಯಲ್ಲಿ ಮತ್ತೆ ತೆರೆದರು. ಕಿಂಗ್ಡಾ ಕಾದ ಗೋಪುರವನ್ನು 2025ರ ಫೆಬ್ರುವರಿ 28ರಂದು ಸ್ಫೋಟಕವಿಟ್ಟು ಉರುಳಿಸಿದರು. ಆಗ ಅದಕ್ಕೆ ಇಪ್ಪತ್ತು ವರ್ಷವೂ ತುಂಬಿರಲಿಲ್ಲ.