ಸ್ವಿಚ್ ಆಫ್ ಮಾಡುವ ಮೊದಲು ಫರ್ನೇಸನ್ನು ಒಮ್ಮೆ ನೋಡಿ

ಮನೆಯನ್ನು ಬೆಚ್ಚಗಿಡುವ ಗ್ಯಾಸ್ ಫರ್ನೇಸುಗಳನ್ನು ರಿಪೇರಿ ಮಾಡುವ ನನಗೆ ಚಳಿಗಾಲದಲ್ಲಿ ಬರುವ ಕರೆಗಳಲ್ಲಿ ಬಹುಪಾಲು ಒಂದೇ ಮಾತಿನಿಂದ ಶುರುವಾಗುತ್ತವೆ: "ಫರ್ನೇಸ್ ನಿಂತುಹೋಗಿತ್ತು, ಸ್ವಿಚ್ ಆಫ್ ಮಾಡಿ ಆನ್ ಮಾಡಿದೆವು, ಈಗ ನಡೀತಾ ಇದೆ, ಆದರೂ ಒಮ್ಮೆ ಬಂದು ನೋಡಿ." ನಾನು ಹೋಗುವಷ್ಟರಲ್ಲಿ ಫರ್ನೇಸ್ ಯಾವ ತಕರಾರೂ ಇಲ್ಲದೆ ನಡೆಯುತ್ತಿರುತ್ತದೆ. ಅದು ಏಕೆ ನಿಂತಿತ್ತು ಎಂಬುದರ ಸುಳಿವು ಮಾತ್ರ ಸ್ವಿಚ್ ಆಫ್ ಆದಾಗಲೇ ಅಳಿಸಿಹೋಗಿರುತ್ತದೆ. ಮರುದಿನ ನಸುಕಿನಲ್ಲಿ ಅದು ಮತ್ತೆ ನಿಲ್ಲುತ್ತದೆ, ಮನೆಯವರು ಮತ್ತೆ ಅದೇ ಸ್ವಿಚ್ಚಿಗೆ ಕೈ ಹಾಕುತ್ತಾರೆ. ಈ ಒಂದು ಅಭ್ಯಾಸವನ್ನು ಬಿಡಿಸಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ಮನೆಯ ತಾಪ ನೋಡಿ ಫರ್ನೇಸನ್ನು ನಡೆಸುವ ಥರ್ಮೋಸ್ಟಾಟಿನ ಬ್ಯಾಟರಿ, ವಿದ್ಯುತ್ ಬ್ರೇಕರ್, ಗ್ಯಾಸ್ ಕೊಳವೆಯ ಹಿಡಿಕೆ ಇವನ್ನೆಲ್ಲ ನೀವು ನೋಡಿಯೇ ಇರುತ್ತೀರಿ ಎಂದುಕೊಳ್ಳುತ್ತೇನೆ. ಗಾಳಿಯ ಧೂಳು ಹಿಡಿಯುವ ಫಿಲ್ಟರ್ ಬದಲಿಸಿದ ಮೇಲೆ ಫರ್ನೇಸ್ ಏಳಲೇ ಇಲ್ಲವೆಂದರೆ ಅದರ ಬಾಗಿಲನ್ನು ಗಟ್ಟಿಯಾಗಿ ಒತ್ತಿ ಕೂರಿಸಿ. ಬಾಗಿಲ ಹಿಂದಿನ ಸ್ವಿಚ್ ಒತ್ತಿಕೊಳ್ಳದಿದ್ದರೆ ಯಂತ್ರಕ್ಕೆ ವಿದ್ಯುತ್ತೇ ಹೋಗುವುದಿಲ್ಲ. ಆಗಾಗ ತಣ್ಣನೆಯ ಗಾಳಿ ಬರುತ್ತಿದೆ ಎಂಬ ದೂರಿದ್ದರೆ ಥರ್ಮೋಸ್ಟಾಟಿನಲ್ಲಿ ಫ್ಯಾನ್ 'ಆನ್'ನಲ್ಲಿದೆಯೋ 'ಆಟೋ'ದಲ್ಲಿದೆಯೋ ನೋಡಿ. 'ಆನ್'ನಲ್ಲಿದ್ದರೆ ಬೆಂಕಿ ಇಲ್ಲದಾಗಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಇವು ಕರೆ ಮಾಡುವ ಅಗತ್ಯವೇ ಇಲ್ಲದ ಸಂಗತಿಗಳು.

ನನ್ನ ಮುಖ್ಯ ಮಾತು ಬೇರೆ. ಗ್ಯಾಸ್ ಉರಿಸಿ ಡಕ್ಟುಗಳ, ಅಂದರೆ ಗಾಳಿಕೊಳವೆಗಳ, ಮೂಲಕ ಬಿಸಿಗಾಳಿ ಕಳಿಸುವ ಈಗಿನ ಫರ್ನೇಸ್ ತಾನಾಗಿ ನಿಂತಿತೆಂದರೆ, ಹೆಚ್ಚಿನ ಸಂದರ್ಭಗಳಲ್ಲಿ ಅದು ಕೆಟ್ಟು ನಿಂತಿರುವುದಿಲ್ಲ; ಅದರೊಳಗಿನ ಒಂದು ಸುರಕ್ಷತಾ ಸ್ವಿಚ್ ಅದನ್ನು ಬೇಕೆಂದೇ ನಿಲ್ಲಿಸಿರುತ್ತದೆ. ಯಾವ ಸ್ವಿಚ್ ನಿಲ್ಲಿಸಿತು ಎಂಬುದು ಫರ್ನೇಸ್ ಯಾವ ಹಂತದಲ್ಲಿ ನಿಂತಿತು ಎಂಬುದರಿಂದ ಗೊತ್ತಾಗುತ್ತದೆ. ಹಾಗಾಗಿ ಅದು ಶುರುವಾಗುವ ಕ್ರಮವನ್ನು ಒಮ್ಮೆ ತಿಳಿದುಕೊಂಡರೆ ಸಾಕು. ಥರ್ಮೋಸ್ಟಾಟ್ ಶಾಖ ಬೇಕೆಂದು ಕೇಳಿದಾಗ ಮೊದಲು ಹೊಗೆಯನ್ನು ಹೊರಗೆ ತಳ್ಳುವ ಸಣ್ಣ ಮೋಟಾರ್ ತಿರುಗುತ್ತದೆ. ಗಾಳಿ ಸರಿಯಾಗಿ ಹೊರಹೋಗುತ್ತಿದೆ ಎಂದು ಪ್ರೆಶರ್ ಸ್ವಿಚ್ ಖಚಿತಪಡಿಸಿದ ಮೇಲೆ ಬೆಂಕಿ ಹೊತ್ತಿಸುವ ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ವಾಲ್ವ್ ತೆರೆಯುತ್ತದೆ, ಬೆಂಕಿ ಹತ್ತುತ್ತದೆ. ಬೆಂಕಿ ನಿಜವಾಗಿ ಹತ್ತಿದೆಯೇ ಎಂದು ಫ್ಲೇಮ್ ಸೆನ್ಸರ್ ನೋಡುತ್ತದೆ. ಸಾಮಾನ್ಯವಾಗಿ ಅರ್ಧ ನಿಮಿಷದಿಂದ ಒಂದು ನಿಮಿಷದೊಳಗೆ ಬ್ಲೋವರ್, ಅಂದರೆ ಗಾಳಿ ತಳ್ಳುವ ದೊಡ್ಡ ಫ್ಯಾನ್, ಶುರುವಾಗಿ ಮನೆಗೆ ಬೆಚ್ಚನೆಯ ಗಾಳಿ ಬರುತ್ತದೆ.

ಈಗ ಫರ್ನೇಸಿನ ಮುಂದೆ ನಿಂತು ನೋಡಿ. ಸಣ್ಣ ಮೋಟಾರ್ ತಿರುಗುತ್ತಲೇ ಇದ್ದು ಇಗ್ನೈಟರ್ ಕೆಂಪಾಗುವುದೇ ಇಲ್ಲವೆಂದರೆ ಅನುಮಾನ ಹೊಗೆಯ ದಾರಿಯ ಮೇಲೆ ಹೋಗುತ್ತದೆ: ಮನೆಯ ಹೊರಗಿನ ಕೊಳವೆಯ ಬಾಯಿಗೆ ಹಿಮ ಕೂತಿರಬಹುದು, ಒಳಗೆ ಹಕ್ಕಿ ಗೂಡು ಕಟ್ಟಿರಬಹುದು. ಶೇಕಡಾ 90ಕ್ಕಿಂತ ಹೆಚ್ಚು ದಕ್ಷತೆಯ, ಪ್ಲಾಸ್ಟಿಕ್ ಹೊಗೆಕೊಳವೆಯ ಫರ್ನೇಸ್ ಆಗಿದ್ದರೆ ಒಳಗೆ ಸಾಂದ್ರಗೊಂಡ ನೀರು ಹರಿದುಹೋಗುವ ಕೊಳವೆ ಕಟ್ಟಿಕೊಂಡಿರುವ ಸಾಧ್ಯತೆಯೂ ಇದೆ. ಬೆಂಕಿ ಹತ್ತಿ ಕೆಲವೇ ಸೆಕೆಂಡುಗಳಲ್ಲಿ ಆರಿ, ಮತ್ತೆ ಹತ್ತಿ, ಮತ್ತೆ ಆರಿ, ಕಡೆಗೆ ಫರ್ನೇಸ್ ಸುಮ್ಮನಾದರೆ ಫ್ಲೇಮ್ ಸೆನ್ಸರಿಗೆ ಮಸಿ ಹಿಡಿದಿರುವ ಸಂಭವ ಹೆಚ್ಚು. ಆ ಕಡ್ಡಿ ಬೆಂಕಿಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪಿಯರ್ ವಿದ್ಯುತ್ತನ್ನು ನಂಬಿ ಕೆಲಸ ಮಾಡುತ್ತದೆ. ಮೇಲೆ ತೆಳುವಾದ ಪದರ ಕಟ್ಟಿದರೂ ಕಣ್ಣೆದುರು ಉರಿಯುತ್ತಿರುವ ಬೆಂಕಿ ಅದಕ್ಕೆ ಗೊತ್ತಾಗುವುದಿಲ್ಲ. ಇದನ್ನು ಉಜ್ಜಿ ಶುಚಿ ಮಾಡುವುದು ಸಣ್ಣ ಕೆಲಸ, ಆದರೆ ಮರಳುಕಾಗದದಿಂದ ಗೀರಬಾರದು.

ಮೂರನೆಯದು ನಾನು ಅತಿ ಹೆಚ್ಚು ನೋಡುವ ಬಗೆ. ಬೆಂಕಿ ಚೆನ್ನಾಗಿ ಹತ್ತುತ್ತದೆ, ಬಿಸಿಗಾಳಿಯೂ ಬರುತ್ತದೆ, ಐದೋ ಹತ್ತೋ ನಿಮಿಷಗಳಾದ ಮೇಲೆ ಬೆಂಕಿ ಮಾತ್ರ ಆರುತ್ತದೆ; ಬ್ಲೋವರ್ ತಿರುಗುತ್ತಲೇ ಇದ್ದು ಗಾಳಿ ಬರಬರುತ್ತ ತಣ್ಣಗಾಗುತ್ತದೆ. ಇದು ತಾಪ ಮಿತಿಮೀರಿದಾಗ ಬೆಂಕಿ ಆರಿಸುವ ಲಿಮಿಟ್ ಸ್ವಿಚ್ಚಿನ ಕೆಲಸ. ಬೆಂಕಿಯ ಶಾಖವನ್ನು ಗಾಳಿಗೆ ದಾಟಿಸುವ ಲೋಹದ ಭಾಗ, ಅಂದರೆ ಹೀಟ್ ಎಕ್ಸ್‌ಚೇಂಜರ್, ಮಿತಿಮೀರಿ ಕಾದಿದೆ; ಅದರ ಮೇಲೆ ಹಾಯಬೇಕಾದಷ್ಟು ಗಾಳಿ ಹಾಯುತ್ತಿಲ್ಲ. ಜನ ಇದನ್ನು ಬೆಂಕಿಯ ತೊಂದರೆ ಎಂದು ತಿಳಿಯುತ್ತಾರೆ, ಏಕೆಂದರೆ ಆರಿದ್ದು ಬೆಂಕಿ. ಮೂಲದಲ್ಲಿ ಇದು ಗಾಳಿಯ ತೊಂದರೆ.

ಇಲ್ಲಿ ದಯವಿಟ್ಟು ನಿಧಾನವಾಗಿ ಓದಿ, ಏಕೆಂದರೆ ಇದನ್ನೇ ನಾನು ಮನೆಮನೆಯಲ್ಲಿ ಮತ್ತೆ ಮತ್ತೆ ಹೇಳಬೇಕಾಗಿ ಬರುತ್ತಿದೆ. ಲಿಮಿಟ್ ಸ್ವಿಚ್ ಬೆಂಕಿಯನ್ನು ಆರಿಸಿದ ಆ ಹೊತ್ತಿನಲ್ಲಿ ಬ್ಲೋವರ್ ತಿರುಗುತ್ತಿರುವುದು ಕಾದ ಲೋಹವನ್ನು ತಣಿಸಲಿಕ್ಕೆ. ನೀವು ಹೋಗಿ ಸ್ವಿಚ್ ಆಫ್ ಮಾಡಿದರೆ ಬ್ಲೋವರ್ ಕೂಡ ನಿಲ್ಲುತ್ತದೆ. ಲೋಹ ಅತಿ ಹೆಚ್ಚು ಕಾದಿರುವ ಗಳಿಗೆಯಲ್ಲಿಯೇ ಅದಕ್ಕಿದ್ದ ಒಂದೇ ಆಸರೆಯನ್ನು ನೀವು ತೆಗೆದಂತಾಯಿತು. ಇನ್ನು ಲಿಮಿಟ್ ಸ್ವಿಚ್, ಸಾಮಾನ್ಯವಾಗಿ, ತಣ್ಣಗಾದ ಮೇಲೆ ತಾನಾಗಿಯೇ ಮೊದಲಿನ ಸ್ಥಿತಿಗೆ ಬರುತ್ತದೆ. ನೀವು ಆಫ್ ಮಾಡಿ, ಸ್ವಲ್ಪ ಹೊತ್ತು ಕಾದು, ಆನ್ ಮಾಡಿದಾಗ ಫರ್ನೇಸ್ ಎದ್ದರೆ ಅದಕ್ಕೆ ಕಾರಣ ಆ ನಡುವೆ ಅದು ತಣಿದದ್ದು. ನೀವು ಸ್ವಿಚ್ ಆಫ್ ಮಾಡಿದ್ದರಿಂದ ಯಾವುದೂ ರಿಪೇರಿಯಾಗಿಲ್ಲ. ಮತ್ತೆ ಅದೇ ಹತ್ತು ನಿಮಿಷ, ಮತ್ತೆ ಅದೇ ತಾಪ. ಹೀಗೆ ಚಳಿಗಾಲವಿಡೀ ಕಾದು ತಣಿದು ಹಿಗ್ಗಿ ಕುಗ್ಗುವ ಲೋಹ ಒಂದು ದಿನ ಬಿರುಕು ಬಿಡಬಹುದು; ಬಿರುಕು ಬಿಟ್ಟರೆ ಉರಿದ ಗ್ಯಾಸಿನ ಹೊಗೆ ನೀವು ಉಸಿರಾಡುವ ಗಾಳಿಗೆ ಸೇರುವ ಅಪಾಯವಿದೆ. ಎಲ್ಲ ಫರ್ನೇಸುಗಳಿಗೂ ಹೀಗೇ ಆಗುತ್ತದೆ ಎಂದು ನಾನು ಹೇಳುತ್ತಿಲ್ಲ. ಆದರೆ ಹೀಗಾದ ಫರ್ನೇಸುಗಳನ್ನು ನಾನು ಕಂಡಿದ್ದೇನೆ.

ಗಾಳಿ ಕಡಿಮೆಯಾಗುವುದಕ್ಕೆ ಮೊದಲ ಕಾರಣ ಕಟ್ಟಿಕೊಂಡ ಫಿಲ್ಟರ್. 1 ಇಂಚಿನ ಫಿಲ್ಟರನ್ನು 1ರಿಂದ 3 ತಿಂಗಳಿಗೊಮ್ಮೆ ಬದಲಿಸಬೇಕಾಗುತ್ತದೆ. ಸಾಕುಪ್ರಾಣಿಗಳಿದ್ದರೆ ಇನ್ನೂ ಬೇಗ. ಹೊಸ ಫಿಲ್ಟರನ್ನು ಅದರ ಪ್ಲಾಸ್ಟಿಕ್ ಹೊದಿಕೆಯ ಸಮೇತ ಒಳಗೆ ತಳ್ಳಿದವರೂ ಇದ್ದಾರೆ, ಆದ್ದರಿಂದ ಅದನ್ನೂ ಹೇಳಿಬಿಡುತ್ತೇನೆ: ಹೊದಿಕೆ ತೆಗೆಯಿರಿ, ಬಾಣದ ಗುರುತು ಫರ್ನೇಸಿನ ಕಡೆಗೆ ಇರಲಿ. ಎರಡನೆಯ ಕಾರಣ ಅತಿ ಉತ್ತಮವಾದದ್ದೇ ಬೇಕೆಂಬ ಆಸೆ. ಫಿಲ್ಟರ್ ಎಷ್ಟು ಸೂಕ್ಷ್ಮವೆಂದು ಹೇಳುವ ಮರ್ವ್ (MERV) ಸಂಖ್ಯೆ ಹೆಚ್ಚಿದಷ್ಟೂ ಫಿಲ್ಟರ್ ಸಣ್ಣ ಕಣಗಳನ್ನು ಹಿಡಿಯುತ್ತದೆ, ಸಾಮಾನ್ಯವಾಗಿ ಗಾಳಿಯನ್ನೂ ಅಷ್ಟೇ ತಡೆಯುತ್ತದೆ. 8ರ ಫಿಲ್ಟರಿಗೆಂದು ರೂಪಿಸಿದ ಜಾಗದಲ್ಲಿ 13ರದ್ದನ್ನು ತುರುಕಿದರೆ ಕೆಲವು ಫರ್ನೇಸುಗಳಿಗೆ ಉಸಿರು ಕಟ್ಟುತ್ತದೆ. ಮೂರನೆಯದು ಬಳಸದ ಕೋಣೆಗಳ ಗಾಳಿಕಿಂಡಿಗಳನ್ನು ಮುಚ್ಚಿ ಗ್ಯಾಸ್ ಉಳಿಸುತ್ತೇವೆಂಬ ನಂಬಿಕೆ. ಒಂದು ಕಿಂಡಿ ಮುಚ್ಚಿದರೆ ಏನೂ ಆಗಲಿಕ್ಕಿಲ್ಲ. ಆದರೆ ಬರ್ನರ್ ಉರಿಯುವುದು ನೀವು ಮುಚ್ಚಿದ ಕೋಣೆಗಳನ್ನು ಲೆಕ್ಕ ಹಾಕಿ ಅಲ್ಲ. ಶಾಖ ಅಷ್ಟೇ ಹುಟ್ಟುತ್ತದೆ, ಅದನ್ನು ಹೊತ್ತೊಯ್ಯುವ ಗಾಳಿ ಮಾತ್ರ ಕಡಿಮೆಯಾಗುತ್ತದೆ.

ನಿವೃತ್ತ ಅಧ್ಯಾಪಕರೊಬ್ಬರ ಮನೆಗೆ ಹೋದಾಗ ಅವರು ನಾನು ಬಾಯಿ ತೆರೆಯುವ ಮೊದಲೇ, "ಫಿಲ್ಟರ್ ವಿಷಯಕ್ಕೆ ಮಾತ್ರ ಬರಬೇಡಿ, ಲೆಕ್ಕ ಇಟ್ಟಿದ್ದೇನೆ" ಎಂದು ಒಂದು ನೋಟ್‌ಬುಕ್ ಮುಂದಿಟ್ಟರು. ಫಿಲ್ಟರ್ ಬದಲಿಸಿದ ತಾರೀಖುಗಳು ಒಂದು ಕಡೆ. ಫರ್ನೇಸ್ ನಿಂತ ತಾರೀಖು, ಗಂಟೆ, ಆಗಿನ ಹೊರಗಿನ ತಾಪಮಾನ ಇನ್ನೊಂದು ಕಡೆ, ಎಲ್ಲವೂ ಗೆರೆ ಎಳೆದು, ದುಂಡಗಿನ ಅಕ್ಷರಗಳಲ್ಲಿ. ಅಷ್ಟು ಒಳ್ಳೆಯ ದಾಖಲೆ ನನಗೆ ಯಾವ ಮನೆಯಲ್ಲೂ ಸಿಕ್ಕಿಲ್ಲ. ಮೊದಲು ಬಂದಿದ್ದ ರಿಪೇರಿಯವರು ಇಗ್ನೈಟರನ್ನೂ ಫ್ಲೇಮ್ ಸೆನ್ಸರನ್ನೂ ಬದಲಿಸಿ ಹೋಗಿದ್ದರು. ಆ ಪುಟವನ್ನು ಓದಿದ್ದರೆ ಅವರು ಹಾಗೆ ಮಾಡುತ್ತಿರಲಿಲ್ಲ: ಫರ್ನೇಸ್ ನಿಂತದ್ದೆಲ್ಲ ಅತ್ಯಂತ ಚಳಿಯ ರಾತ್ರಿಗಳಲ್ಲಿ, ಎಂದರೆ ಬೆಂಕಿ ಬಹಳ ಹೊತ್ತು ಸತತವಾಗಿ ಉರಿದಾಗ. ಹಗಲಿನಲ್ಲಿ ಲೋಹ ಮಿತಿ ಮುಟ್ಟುವ ಮೊದಲೇ ಮನೆ ಬೆಚ್ಚಗಾಗಿ ಬೆಂಕಿ ಆರುತ್ತಿತ್ತು. ಫರ್ನೇಸಿನಲ್ಲಿದ್ದ ಫಿಲ್ಟರ್ ನಿಜಕ್ಕೂ ಹೊಸದಾಗಿತ್ತು. ಬ್ಲೋವರ್ ಸದ್ದು ಕೇಳಿದರೆ ಮಾತ್ರ ಅದು ಗಾಳಿಗಾಗಿ ಪರದಾಡುತ್ತಿದೆ ಎಂದು ತಿಳಿಯುತ್ತಿತ್ತು.

ನಡುಮನೆಯ ಗಾಳಿಯನ್ನು ಫರ್ನೇಸಿಗೆ ಹಿಂದಕ್ಕೆ ಎಳೆದುಕೊಳ್ಳುವ ಜಾಲರಿ ಪುಸ್ತಕದ ಬೀರುವಿನ ಹಿಂದೆ ಇತ್ತು. ಇಬ್ಬರೂ ಸೇರಿ ಬೀರು ಸರಿಸಿ, ಜಾಲರಿಯ ಚಿಲಕ ತೆಗೆದಾಗ ಒಳಗೆ ಇನ್ನೊಂದು ಫಿಲ್ಟರ್ ಕಂಡಿತು. ಮೊದಲಿದ್ದ ಮನೆಯವರು ಹಾಕಿದ್ದು. ಅದರ ರಟ್ಟಿನ ಚೌಕಟ್ಟು ಒಳಕ್ಕೆ ಬಾಗಿ ಹೋಗಿತ್ತು, ಮೇಲಿನ ಧೂಳು ಕಂಬಳಿಯ ತುಂಡಿನಂತೆ ಒಂದೇ ಹಾಳೆಯಾಗಿ ಬಿಡಿಸಿಕೊಂಡು ಬಂತು. ಅದನ್ನು ತೆಗೆದ ಮೇಲೆ ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ ಇರುವ ತಾಪದ ಅಂತರವನ್ನು ಮತ್ತೆ ಅಳೆದೆ. ಪ್ರತಿ ಫರ್ನೇಸಿನ ಫಲಕದಲ್ಲಿಯೂ ಈ ಅಂತರದ ಮಿತಿ, ಉದಾಹರಣೆಗೆ 35ರಿಂದ 65 ಡಿಗ್ರಿ ಫ್ಯಾರನ್‌ಹೀಟ್ ಎಂದು, ಮುದ್ರಿತವಾಗಿರುತ್ತದೆ. ಮೊದಲು ಅದನ್ನು ಮೀರಿದ್ದ ಅಂಕಿ ಈಗ ಮಿತಿಯೊಳಗೆ ಬಂದಿತ್ತು. ಅಧ್ಯಾಪಕರು ತಮ್ಮ ನೋಟ್‌ಬುಕ್ಕಿನಲ್ಲಿ ಎರಡನೆಯ ಫಿಲ್ಟರಿಗೆಂದು ಹೊಸ ಕಾಲಂ ಎಳೆದರು.

ಎಲ್ಲ ಮನೆಗಳಲ್ಲೂ ಕಾರಣ ಇಷ್ಟು ಸುಲಭವಾಗಿರುವುದಿಲ್ಲ. ಬ್ಲೋವರ್ ಚಕ್ರಕ್ಕೆ ಕೊಳೆ ಕಟ್ಟಿರಬಹುದು, ಅದರ ಕೆಪಾಸಿಟರ್ ಸೋತಿರಬಹುದು, ಗ್ಯಾಸಿನ ಒತ್ತಡ ಹೆಚ್ಚಿರಬಹುದು, ಡಕ್ಟುಗಳೇ ಕಿರಿದಾಗಿರಬಹುದು. ಇವನ್ನು ಉಪಕರಣಗಳಿಂದ ಅಳೆದೇ ಹೇಳಬೇಕು, ಫೋನಿನಲ್ಲಿ ನಾನು ಹೇಳುವುದಿಲ್ಲ. ಆದರೆ ಲಿಮಿಟ್ ಸ್ವಿಚ್ಚೇ ಕೆಟ್ಟಿದೆ ಎಂದು ತೀರ್ಮಾನಿಸಿ ಅದರ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಟೇಪು ಸುತ್ತಿದ್ದ ಫರ್ನೇಸನ್ನು ಕಂಡಾಗ ನಾನು ಗ್ಯಾಸ್ ಮುಚ್ಚಿ, ಅದು ಸರಿಯಾಗುವವರೆಗೆ ಹಚ್ಚಲು ಬಿಡಲಿಲ್ಲ. ಮನೆಯವರಿಗೆ ಬೇಸರವಾಯಿತು. ಆಗಲಿ. ಹಾಗೆಯೇ ಬರ್ನರಿನ ಬಳಿ ಇರುವ, ಕೈಯಿಂದ ಒತ್ತಿ ಸರಿಪಡಿಸುವ ಸಣ್ಣ ಗುಂಡಿಯ ಸ್ವಿಚ್ಚನ್ನು ನೀವಾಗಿ ಎಂದೂ ಒತ್ತಬೇಡಿ. ಬೆಂಕಿ ಇರಬೇಕಾದ ಜಾಗ ಬಿಟ್ಟು ಹೊರಚಾಚಿದಾಗ ಆ ಸ್ವಿಚ್ ಫರ್ನೇಸನ್ನು ನಿಲ್ಲಿಸುತ್ತದೆ. ಅದನ್ನು ಕೈಯಿಂದಲೇ ಒತ್ತಬೇಕಾಗುವಂತೆ ಮಾಡಿರುವುದು, ಯಾರಾದರೂ ಬಂದು ಕಾರಣ ನೋಡಲಿ ಎಂದು. ಹೊಗೆಯಲ್ಲಿರಬಹುದಾದ, ವಾಸನೆಯಿಲ್ಲದ ವಿಷಾನಿಲವಾದ ಕಾರ್ಬನ್ ಮೊನಾಕ್ಸೈಡಿಗೆ ಅಲಾರಂ ಇದೆಯಲ್ಲ ಎಂಬ ಧೈರ್ಯವೂ ಪೂರ್ತಿ ಸಲ್ಲದು. ಅಮೆರಿಕದ ಯುಎಲ್ 2034 ಎಂಬ ಸುರಕ್ಷತಾ ಮಾನದಂಡದ ಅಲಾರಂ 70 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 70 ಭಾಗ) ಮಟ್ಟದಲ್ಲಿ 1ರಿಂದ 4 ಗಂಟೆಯ ಅವಧಿಯಲ್ಲಿ ಕೂಗುವಂತೆ ರೂಪಿಸಿದ್ದು, ಅದಕ್ಕಿಂತ ಕಡಿಮೆ ಮಟ್ಟದಲ್ಲಿ ಸುಮ್ಮನಿರಬಹುದು. ಫರ್ನೇಸ್ ಉರಿಯುವಾಗ ಮನೆಯವರಿಗೆಲ್ಲ ತಲೆನೋವು, ವಾಕರಿಕೆ ಬಂದರೆ ಅಲಾರಮಿಗೆ ಕಾಯದೆ ಹೊರಗೆ ಹೋಗಿ. ಗ್ಯಾಸಿನ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು, ಹೊರಗಿನಿಂದಲೇ ಕರೆ ಮಾಡಿ.

ಇಂಥ ಅಪಾಯದ ಲಕ್ಷಣ ಯಾವುದೂ ಇಲ್ಲದೆ ಫರ್ನೇಸ್ ನಿಂತಾಗ ಮಾತ್ರ ಹೀಗೆ ಮಾಡಿ. ಬಾಗಿಲಿನಲ್ಲಿರುವ ಸಣ್ಣ ಗಾಜಿನ ಕಿಂಡಿಯಲ್ಲಿ ಫರ್ನೇಸನ್ನು ನಡೆಸುವ ಕಂಟ್ರೋಲ್ ಬೋರ್ಡಿನ ದೀಪ ಮಿನುಗುವುದು ಕಾಣುತ್ತದೆ; ಆ ಮಿನುಗುವಿಕೆಯೇ ಏಕೆ ನಿಂತಿತೆಂದು ಹೇಳುವ ಸಂಕೇತ. ಒಂದು ನಿಮಿಷ ಅದನ್ನು ಫೋನಿನಲ್ಲಿ ವಿಡಿಯೋ ತೆಗೆಯಿರಿ. ಬಾಗಿಲು ತೆಗೆಯಬೇಡಿ, ಏಕೆಂದರೆ ತೆಗೆದೊಡನೆ ವಿದ್ಯುತ್ ಕಡಿದು, ಹಲವು ಬೋರ್ಡುಗಳಲ್ಲಿ ಆ ಸಂಕೇತ ಅಳಿಸಿಹೋಗುತ್ತದೆ. ಬ್ಲೋವರ್ ಇನ್ನೂ ತಿರುಗುತ್ತಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಕಾಯಿರಿ. ವಿಡಿಯೋ ಕೈಯಲ್ಲಿದ್ದರೆ ಆಮೇಲೆ ಸ್ವಿಚ್ ಆಫ್ ಮಾಡಿ, ಬಾಗಿಲ ಒಳಮೈಗೆ ಅಂಟಿಸಿರುವ ಪಟ್ಟಿಯಲ್ಲಿ ಅದರ ಅರ್ಥ ಹುಡುಕಬಹುದು. ಬ್ಲೋವರ್ ಇನ್ನೂ ತಿರುಗುತ್ತಿದ್ದರೆ ಅದು ತಾನಾಗಿ ನಿಲ್ಲುವವರೆಗೆ ಕಾಯಿರಿ. ಫಿಲ್ಟರ್ ಬದಲಿಸಿ, ಎಲ್ಲ ಗಾಳಿಕಿಂಡಿಗಳನ್ನು ತೆರೆದು, ಒಮ್ಮೆ ಮಾತ್ರ ಆನ್ ಮಾಡಿ, ಎದುರು ನಿಂತು ಮೊದಲಿನಿಂದ ಕೊನೆಯವರೆಗೆ ನೋಡಿ. ಕರೆ ಮಾಡಿದಾಗ "ಕೆಟ್ಟಿದೆ" ಎನ್ನುವ ಬದಲು "ಬೆಂಕಿ ಹತ್ತಿ ಐದು ಸೆಕೆಂಡಿಗೆ ಆರುತ್ತದೆ" ಎಂದೋ "ಹತ್ತು ನಿಮಿಷ ಬಿಸಿಗಾಳಿ ಬಂದು ಆಮೇಲೆ ತಣ್ಣಗಾಗುತ್ತದೆ" ಎಂದೋ ಹೇಳಿದರೆ ನಾನು ಸರಿಯಾದ ಬಿಡಿಭಾಗ ತೆಗೆದುಕೊಂಡೇ ಹೊರಡಬಹುದು. ಎರಡನೆಯ ಬಾರಿಯೂ ನಿಂತರೆ ಅದನ್ನು ಹಾಗೆಯೇ ಬಿಟ್ಟು ಕರೆ ಮಾಡಿ, ಸರಿರಾತ್ರಿಯಾಗಿದ್ದರೂ ಸಂಕೋಚಪಡಬೇಡಿ. ನೀರಿನ ಕೊಳವೆಗಳು ಹೆಪ್ಪುಗಟ್ಟುವಷ್ಟು ಚಳಿಯಿರುವಾಗ, ಮನೆಯಲ್ಲಿ ಎಳೆಮಕ್ಕಳೋ ವಯಸ್ಸಾದವರೋ ಇದ್ದರೆ, ಅದನ್ನು ಮೊದಲೇ ತಿಳಿಸಿ. ನಾನು ಮೊದಲು ಅಲ್ಲಿಗೆ ಬರುತ್ತೇನೆ.